ಎತ್ತರಿಸಿದ ಗಾಡಿ

ಕಾರವಾರದಲ್ಲಿ ಗ್ಯಾರೇಜು ಇಟ್ಟಿದ್ದ ದೇವಿದಾಸ, ಅಗಸೂರಿನ ಪಶುವೈದ್ಯೆ ವೈಶಾಲಿಯ ದೊಡ್ಡ ಎಸ್‌ಯುವಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ಎರಡು ಇಂಚು ಎತ್ತರಿಸಿಕೊಟ್ಟಿದ್ದ. ಗುಡ್ಡದ ದಾರಿಯಲ್ಲಿ ಗಾಡಿಯ ಅಡಿಗೆ ಕಲ್ಲು ತಾಗುತ್ತದೆಂದು ಅವಳೇ ಕೇಳಿದ್ದಳು.

ವಾರದ ನಂತರ ಅವಳು ಮತ್ತೆ ಬಂದಳು. "ಹೈವೇ ಮೇಲೆ ಸ್ಟೇರಿಂಗ್ ನಿಲ್ಲೂದೇ ಇಲ್ಲ. ಗಾಡಿ ಅತ್ತಿತ್ತ ಎಳೀತದೆ."

ಗಿರಾಕಿಗಳ ಎದುರೇ ದೇವಿದಾಸ ನಕ್ಕ. "ಗಾಡಿಗೆ ಏನೂ ಆಗ್ಲಿಲ್ಲ, ಡಾಕ್ಟ್ರೇ. ಹೆಂಗಸ್ರಿಗೆ ದೊಡ್ಡ ಗಾಡಿ ಕೈಗೆ ಕೂರೂದು ಸ್ವಲ್ಪ ತಡ."

ವೈಶಾಲಿ ಕೀಲಿ ಚಾಚಿದಳು. "ಹಾಗಾದ್ರೆ ಅಂಕೋಲೆವರೆಗೆ ನೀವೇ ಓಡ್ಸಿ."

ಅಮದಳ್ಳಿಯ ಹತ್ತಿರ ವೇಗ ಎಂಬತ್ತು ದಾಟುತ್ತಲೇ ಸ್ಟೇರಿಂಗ್ ಅವನ ಕೈಯಲ್ಲಿ ಹಗುರಾಯಿತು. ತಿರುವು ಮುಗಿದರೂ ಅದು ತಾನಾಗಿ ನೇರಕ್ಕೆ ಮರಳಲಿಲ್ಲ. ಗಾಡಿ ಎಡಕ್ಕೆ ಸರಿಯಿತು; ಅವನು ಬ್ರೇಕ್ ತುಳಿದಾಗ ಅದು ಬುಟ್ಟಿ ಹೊತ್ತು ನಡೆಯುತ್ತಿದ್ದ ಮೀನು ಮಾರುವ ಮುದುಕಿಯ ಪಕ್ಕದಲ್ಲೇ ನಿಂತಿತು. ಬೆಚ್ಚಿದ ಅವಳ ತಲೆಯಿಂದ ಬುಟ್ಟಿ ಬಿತ್ತು.

ದೇವಿದಾಸನಿಗೆ ಕಾರಣ ತಿಳಿಯಿತು. ಗಾಡಿ ಎತ್ತರಿಸಿದಾಗ ಮುಂದಿನ ಚಕ್ರಗಳ ಕೋನ ಬದಲಾಗುತ್ತದೆ, ಅದನ್ನು ಮತ್ತೆ ಹೊಂದಿಸಬೇಕು. ಅವಸರದಲ್ಲಿ ಅವನು ಆ ಕೆಲಸ ಬಿಟ್ಟಿದ್ದ.

"ತಪ್ಪು ನಂದೇ," ಎಂದ, ಪಕ್ಕದಲ್ಲಿ ಕೂತಿದ್ದ ವೈಶಾಲಿಯ ಮುಖ ನೋಡಲಾಗದೆ.

"ಒಂದು ವಾರ ನಂಗೇ ಓಡ್ಸೂಕೆ ಬರೂದಿಲ್ಲ ಅಂದ್ಕಂಡಿದ್ದೆ," ಎಂದಳು ವೈಶಾಲಿ.

ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಇಳಿದು, ಚೆಲ್ಲಿದ ಬಂಗಡೆಗಳನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ತುಂಬಿದ. ಮುದುಕಿ ಬೈಯುತ್ತಿದ್ದರೂ ಬುಟ್ಟಿಯನ್ನು ಅವಳ ತಲೆಗೆ ಎತ್ತಿಕೊಟ್ಟ. ನಿಧಾನವಾಗಿ ಕಾರವಾರಕ್ಕೆ ಮರಳಿ, ಸಂಜೆಯವರೆಗೆ ಕೂತು ಚಕ್ರಗಳನ್ನು ಹೊಂದಿಸಿದ.

ಆಮೇಲೆ ವೈಶಾಲಿ ತಾನೇ ಓಡಿಸಿ ನೋಡಿದಳು. ಗಾಡಿ ನೇರವಾಗಿ ಹೋಯಿತು. ಪಕ್ಕದ ಸೀಟಿನಲ್ಲಿ ದೇವಿದಾಸ ತಲೆ ತಗ್ಗಿಸಿ ಕೂತಿದ್ದ.