ಆಟಿ ತಿಂಗಳಲ್ಲಿ ಮುಗಿದ ಮನೆ ಕರಾರು

ನನ್ನ ಯಜಮಾನರು ಗುಣಪಾಲರು ದೇವರ ಪಾದ ಸೇರಿ ಐದು ತಿಂಗಳಾಗಿತ್ತು. ಡೊಂಬಿವಲಿಯಲ್ಲಿ, ಠಾಕುರ್ಲಿ ಕಡೆಯ ಬಾಡಿಗೆ ಮನೆಯಲ್ಲಿ ಉಳಿದವರು ನಾನು ಮತ್ತು ಮಗಳು ಸೋನಾಲಿ. ಹನ್ನೊಂದು ತಿಂಗಳ ಮನೆ ಕರಾರು ಅವರ ಹೆಸರಿನಲ್ಲಿಯೇ ಇತ್ತು. ಜುಲೈ ಕೊನೆಯ ದಿನ ಅದು ಮುಗಿಯುವುದಿತ್ತು.

ಮಾಲೀಕರು ಪುಂಡರೀಕಾಕ್ಷರು ನಮ್ಮ ಉಡುಪಿ ಕಡೆಯವರೇ. ಟಿಟ್ವಾಳಾದಲ್ಲಿ ಅವರ ವಾಸ. ಅವರಿಗೆ ಫೋನು ಮಾಡಿ ಹೊಸ ಕರಾರಿನ ಮಾತೆತ್ತಿದೆ.

“ಈಗ ಆಟಿ ಅಲ್ವಾ ಪ್ರಫುಲ್ಲಕ್ಕ? ಆಟಿಯಲ್ಲಿ ಯಾರಾದ್ರೂ ಸಹಿ ಹಾಕ್ತಾರಾ? ಮುಂದಿನ ತಿಂಗಳು ಸೋಣ ಬರಲಿ. ನನ್ನ ಮಾತು ಉಂಟಲ್ಲ” ಎಂದರು.

ನನಗೂ ಅದೇ ಸರಿಯೆನಿಸಿತು. ಆಷಾಢದಂತೆ ಅಶುಭವೆನ್ನುವ ಆಟಿ ತಿಂಗಳಲ್ಲಿ ನಾವು ಮದುವೆಯ ಮಾತು ಆಡುವುದಿಲ್ಲ, ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ. ಸಾವು ಕಂಡ ಮನೆಗೆ ಇನ್ನೊಂದು ಅಪಶಕುನ ಬೇಡವೆಂದು ಸುಮ್ಮನಾದೆ.

ಆಗಸ್ಟ್ ಆರರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಮಾಲೀಕರ ಮಗ ಪೃಥ್ವಿರಾಜ್. ಚಪ್ಪಲಿ ಬಿಚ್ಚದೆ ಒಳಗೆ ಬಂದ.

“ಆಂಟಿ, ಡ್ಯಾಡಿ ಐಸಿಯುದಲ್ಲಿದ್ದಾರೆ. ಹಾರ್ಟ್. ನಿಮ್ಮ ಅಗ್ರಿಮೆಂಟ್ ತೋ ಖತಂ. ಗಣಪತಿ ಹಬ್ಬದ ಒಳಗೆ ರೂಮ್ ಖಾಲಿ ಮಾಡಿ, ನನಗೆ ಬೇರೆ ಪಾರ್ಟಿ ಸಿಕ್ಕಿದೆ.”

“ನಿನ್ನ ಅಪ್ಪ ಮಾತು ಕೊಟ್ಟಿದ್ದಾರಲ್ಲ ಮಗಾ?”

“ಮಾತು ಯಾವ ಪೇಪರಿನಲ್ಲಿ ಉಂಟು? ಪೇಪರಿನಲ್ಲಿ ಅಂಕಲ್ ಹೆಸರು ಉಂಟು. ಅಂಕಲ್ ಎಲ್ಲಿದ್ದಾರೆ?”

ನಾನು ಗೋಡೆಯ ಮೇಲಿನ ಯಜಮಾನರ ಚಿತ್ರದ ಕಡೆ ನೋಡಿದೆ.

ಅಂದಿನಿಂದ ಮೆಟ್ಟಿಲಲ್ಲಿ ಹೆಜ್ಜೆ ಕೇಳಿದರೆ ಬಾಗಿಲ ಕಿಂಡಿಯಿಂದ ಇಣುಕುತ್ತಿದ್ದೆ. ಸೋನಾಲಿ “ಮಮ್ಮಿ, ಟೆನ್ಶನ್ ಮತ್ ಲೇ” ಎಂದು ಸಮಾಧಾನ ಹೇಳಿ ಐರೋಲಿಯ ಕಚೇರಿಗೆ ಹೋಗುವಳು. ನಾನು ಎರಡೂ ಚಿಲಕ ಹಾಕಿ ದೇವರ ಮುಂದೆ ಕೂರುವೆನು. ತರಕಾರಿಗೂ ಹೊರಗೆ ಹೋಗಲಿಲ್ಲ. ನಾನು ಬರುವಷ್ಟರಲ್ಲಿ ಬೀಗ ಬದಲಾಗಿದ್ದರೆ?

ನಾಲ್ಕನೆಯ ದಿನ ಪಕ್ಕದ ಮನೆಯ ಜ್ಯೋತ್ಸ್ನಾ ಬಂದಳು. ಅವಳು ಕಲ್ಯಾಣದ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವವಳು.

“ಎಂತ ಪ್ರಫುಲ್ಲಕ್ಕ, ಎರಡೆರಡು ಚಿಲಕ! ಒಳಗೆ ಬ್ಯಾಂಕ್ ಇಟ್ಟಿದ್ದೀರಾ?”

ಅಳುತ್ತಾ ಎಲ್ಲವನ್ನೂ ಹೇಳಿದೆ. ಅವಳ ನಗು ನಿಂತಿತು.

“ಬೀಗ ಬದಲಿಸಿ ನಿಮ್ಮನ್ನು ಬೀದಿಗೆ ಹಾಕುವ ಹಕ್ಕು ಅವನಿಗಿಲ್ಲ. ಆದ್ರೆ ತಪ್ಪು ನಿಮ್ಮದೂ ಉಂಟು. ಅವಧಿ ಮುಗಿದ ಮೇಲೆ ಹೊಸ ಕರಾರಿಲ್ಲದೆ ಕೂತರೆ, ಅವರು ಕಾನೂನಿನ ಪ್ರಕಾರವೇ ಮನೆ ಬಿಡಿಸಬಹುದು. ಕೂತಷ್ಟು ದಿನಕ್ಕೆ ದುಪ್ಪಟ್ಟು ಬಾಡಿಗೆಯೂ ಬೀಳಬಹುದು.”

“ಹಳೆಯದರ ಮೇಲೆಯೇ ಹೊಸ ತಾರೀಕು ಬರೆದರೆ ಆಗದಾ?”

“ಆಗುದಿಲ್ಲ. ನಿಮ್ಮ ಹೆಸರಲ್ಲಿ ಹೊಸದೇ ಆಗ್ಬೇಕು, ರಿಜಿಸ್ಟರ್ ಆಗ್ಬೇಕು. ಈಗ ಏಜೆಂಟ್ ಮನೆಗೇ ಮೆಷಿನ್ ತರ್ತಾನೆ. ನೀವು, ಮಾಲೀಕರು, ಇಬ್ಬರು ಸಾಕ್ಷಿಗಳು ಹೆಬ್ಬೆಟ್ಟು ಒತ್ತಿದ್ರೆ ಆಯ್ತು. ಆಮೇಲೆ ಒಂದು ಪ್ರತಿ ಪೊಲೀಸ್ ಠಾಣೆಗೆ.”

“ಹತ್ತಿಪ್ಪತ್ತು ಸಾವಿರ ಆಗ್ತದೇನೋ?”

“ಯಾರು ಹೇಳಿದ್ದು ಮಾರಾಯ್ತಿ? ನಿಮ್ಮ ಬಾಡಿಗೆ ಏಳು ಸಾವಿರ, ಡೆಪಾಸಿಟ್ ಐವತ್ತು ಸಾವಿರ. ಅದಕ್ಕೆ ಸ್ಟಾಂಪು ಮುನ್ನೂರರೊಳಗೆ, ನೋಂದಣಿಗೆ ಸಾವಿರ, ಏಜೆಂಟನಿಗೆ ಒಂದು ಸಾವಿರದಷ್ಟು. ಮಾಲೀಕರ ಜೊತೆ ಅರ್ಧರ್ಧ ಮಾಡ್ಕೊಳ್ಳಿ.”

“ಆದರೂ ಇದು ಆಟಿ ಅಲ್ವಾ...”

“ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿತೀರಲ್ಲ, ಅದೆಂತ ಶುಭ ಕಾರ್ಯವಾ? ಕಹಿ ಮದ್ದು. ಮುಂದೆ ಕಾಯಿಲೆ ಬಾರದಿರ್ಲಿ ಅಂತ ಕುಡಿಯುದು. ಈ ಸಹಿಯೂ ಹಾಗೇ ಅಕ್ಕ. ಹೊಸ ಮನೆಗೆ ಹೋಗುದಲ್ಲ ಇದು, ಇದ್ದ ಮನೆ ಉಳಿಸುದು.”

ನಮ್ಮ ರಸ್ತೆಯ ತುದಿಯಲ್ಲಿಯೂ ಒಂದು ಹಾಲೆ ಮರವಿದೆ. ಪ್ರತಿ ವರ್ಷ ಸೂರ್ಯ ಹುಟ್ಟುವ ಮೊದಲು ಯಜಮಾನರೇ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ಅದರ ಕೆತ್ತೆ, ಅಂದರೆ ತೊಗಟೆ, ತರುತ್ತಿದ್ದರು. ಈ ಸಲ ಅಮಾವಾಸ್ಯೆಯ ಬೆಳಿಗ್ಗೆ ನಾನೇ ಕಲ್ಲು ಹಿಡಿದು ಹೋದೆ.

ಅಷ್ಟರಲ್ಲಿ ಪುಂಡರೀಕಾಕ್ಷರು ಆಸ್ಪತ್ರೆಯಿಂದ ತಮ್ಮ ಮನೆಗೆ ಬಂದಿದ್ದರು. ಜ್ಯೋತ್ಸ್ನಾ ಫೋನಿನಲ್ಲಿ ಅವರನ್ನು ಒಪ್ಪಿಸಿದ್ದಳು. ಅಂದೇ ಏಜೆಂಟನೊಡನೆ ನಾನು, ಸಾಕ್ಷಿಗಳಾಗಿ ಸೋನಾಲಿ ಮತ್ತು ಜ್ಯೋತ್ಸ್ನಾ ಟಿಟ್ವಾಳಾಕ್ಕೆ ಹೋದೆವು. ಪೃಥ್ವಿರಾಜ್ ಬಾಗಿಲಲ್ಲಿಯೇ ನಿಂತಿದ್ದ.

“ಡಾಕ್ಟರ್ ರೆಸ್ಟ್ ಹೇಳಿದ್ದಾರೆ.”

“ಹೆಬ್ಬೆಟ್ಟು ಒತ್ತಲಿಕ್ಕೆ ಓಡಬೇಕಾಗಿಲ್ಲ ಮಾರಾಯಾ” ಎಂದಳು ಜ್ಯೋತ್ಸ್ನಾ. “ರಿಜಿಸ್ಟರ್ ಮಾಡಿಸುದು ಮಾಲೀಕರ ಜವಾಬ್ದಾರಿ. ತಪ್ಪಿದ್ರೆ ಕೇಸು ನಿನ್ನ ಅಪ್ಪನ ಮೇಲೆ ಬರ್ತದೆ, ಗೊತ್ತುಂಟಾ?”

ಅವನು ದಾರಿ ಬಿಟ್ಟ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಮಾಲೀಕರ ಕೈ ಬಾತಿತ್ತು. ಮೆಷಿನ್ ಒಮ್ಮೆ ಹೆಬ್ಬೆಟ್ಟು ತೆಗೆದುಕೊಳ್ಳಲಿಲ್ಲ. ಎರಡನೆಯ ಸಲವೂ ಇಲ್ಲ. ನಾನು ಸೆರಗು ಹಿಡಿದು ದೇವರನ್ನು ಕರೆದೆ. ಮೂರನೆಯ ಸಲ ಏಜೆಂಟ್ “ಹೋ ಗಯಾ, ಆಯ್ತು” ಎಂದ. ಮಾಲೀಕರು ತಮ್ಮ ಬೆರಳು ನೋಡಿ ನನ್ನ ಕಡೆ ತಿರುಗಿದರು.

“ನಾನು ಆಸ್ಪತ್ರೆಯಿಂದ ಬಾರದಿದ್ರೆ ನನ್ನ ಮಾತು ಎಲ್ಲಿರ್ತಿತ್ತು ಪ್ರಫುಲ್ಲಕ್ಕ?”

ಬಾಡಿಗೆ ಮನೆಯಲ್ಲಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತೇ ನಿಮ್ಮ ಕರಾರು ತೆಗೆದು ಅದು ಮುಗಿಯುವ ತಾರೀಕು ನೋಡಿ. ಒಂದು ತಿಂಗಳು ಮೊದಲೇ ಹೊಸದಕ್ಕೆ ಕೇಳಿ. ಡೆಪಾಸಿಟ್ ಎಷ್ಟೆಂದು ಅದರಲ್ಲಿಯೇ ಬರೆಸಿ. ಶುಲ್ಕ ಆಗಾಗ ಬದಲಾಗುತ್ತದೆ, ನೋಂದಣಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮಾತು ಕೊಟ್ಟವರು ಎಷ್ಟೇ ಒಳ್ಳೆಯವರಾಗಿರಲಿ, ಮಾತನ್ನು ಕಾಗದಕ್ಕೆ ಇಳಿಸಿ. ಕರಾರಿನಲ್ಲಿ ಹೆಸರಿದ್ದವರು ತೀರಿಕೊಂಡಿದ್ದರೆ, ಅಳು ಮುಗಿಯಲಿ ಎಂದು ಕಾಯಬೇಡಿ.

ನನ್ನ ಅಳು ಇನ್ನೂ ಮುಗಿದಿಲ್ಲ. ಆದರೆ ಅಳುವುದಕ್ಕೆ ಮನೆ ಉಳಿದಿದೆ.