ಖಾಲಿ ಚೆಕ್ಕಿನ ಸೋಮವಾರಗಳು

ಅತ್ತಿಗೆಯ ಕೈ ಒಮ್ಮೆ ಬಣ್ಣದ ತೊಟ್ಟಿಗೆ ಇಳಿದರೆ ಸಂಜೆಯವರೆಗೆ ಒಣಗುತ್ತಿರಲಿಲ್ಲ. ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಪಾಲುದಾರ ಮೈದುನ ಕರೆಯುವುದನ್ನು ಕೇಳಿ ಕೇಳಿ ಕೆಲಸದವರಿಗೂ ಅವಳು ಅತ್ತಿಗೆಯೇ ಆಗಿದ್ದಳು. ಗಂಡ ತೀರಿಕೊಂಡ ಮೇಲೆ ಇಬ್ಬರದೂ ಸಮಪಾಲು: ತೊಟ್ಟಿ ಅವಳದು, ಬ್ಯಾಂಕು ಅವನದು. ಚೆಕ್ಕಿಗೆ ಮಾತ್ರ ಇಬ್ಬರ ಸಹಿ ಬೇಕು. ಒಮ್ಮೆ ಅವಳ ನೀಲಿ ಹೆಬ್ಬೆರಳು ಮೂಡಿದ ಚೆಕ್ಕನ್ನು ಬ್ಯಾಂಕಿನವರು ಹಿಂದಕ್ಕೆ ಕಳಿಸಿದ್ದರು. ಅಂದಿನಿಂದ ಸೋಮವಾರ ಬೆಳಿಗ್ಗೆ, ಕೈ ಒದ್ದೆಯಾಗುವ ಮುಂಚೆ, ವಾರಕ್ಕಾಗುವಷ್ಟು ಖಾಲಿ ಚೆಕ್ಕಿಗೆ ಸಹಿ ಹಾಕಿಡುವುದು ರೂಢಿಯಾಯಿತು. ಎತ್ತಿ ಆಡಿಸಿದ ಹುಡುಗ, ಅವನ ಹತ್ತಿರ ಅಂಕಿ ಕೇಳುವುದೇ?

ಹಬೆಯೊಳಗೆ ಅವಳಿಗೆ ಎಲ್ಲವೂ ದೂರದಲ್ಲಿ, ನೀರಿನಡಿ ನಡೆದಂತೆ ಕಾಣುತ್ತಿತ್ತು. ಗಿರಾಕಿಗಳು ಬಾಕಿ ಕೊಟ್ಟಿಲ್ಲವೆಂದು ಮೈದುನ ಎರಡು ತಿಂಗಳಿಂದ ಎಲ್ಲರಿಗೂ ಅರ್ಧ ಕೂಲಿ ಕೊಟ್ಟದ್ದೂ ಹಾಗೆಯೇ ಮಸುಕಾಗಿ ಕೇಳಿಸಿತ್ತು.

ಹಲ್ಲು ಕೀಳಿಸಿಕೊಂಡು ಬರುತ್ತಿದ್ದ ದಿನ ಅವಳು ಗೊತ್ತಿಲ್ಲದ ಬೀದಿಯೊಂದಕ್ಕೆ ತಿರುಗಿದಳು. ಅರ್ಧ ಮುಖ ತನ್ನದಲ್ಲ ಎಂಬಷ್ಟು ಜೋಮು. ತಲೆಯೆತ್ತಿದರೆ ತಾರಸಿಯೊಂದರ ಮೇಲೆ ಅವಳದೇ ನೀಲಿಯ ನೂಲು ಸಾಲುಸಾಲಾಗಿ ಒಣಗುತ್ತಿತ್ತು. ಗಾಳಿ ಬಂದಾಗ ಆಕಾಶವೇ ಲಡಿ ಬಿಚ್ಚಿಕೊಂಡಂತೆ ತೂಗಿತು. ಅರೆ, ನಮ್ಮ ತಾರಸಿ ಇಲ್ಲಿಗೆ ಯಾವಾಗ ಬಂತು ಎಂದುಕೊಂಡು ನಿಂತಳು.

"ಯಾರದಪ್ಪಾ ಇದು?" ಎಂದಳು ಕಾವಲಿನವನಿಗೆ.

"ಹೊಸ ಕಾರ್ಖಾನೆ ಕಣಮ್ಮ. ಯಜಮಾನಿ ಮೇಲಿದ್ದಾರೆ, ಕೂಗ್ಲಾ?"

ಕಿಟಕಿಯಲ್ಲಿ ಬಂದು ಇಣುಕಿದವಳು ಓರಗಿತ್ತಿ, ಮೈದುನನ ಹೆಂಡತಿ. ಕಣ್ಣು ಕಲೆತ ಕೂಡಲೇ ಪರದೆ ಎಳೆದುಕೊಂಡಳು. ಅತ್ತಿಗೆಯ ಮುಖದ ಜೋಮು ಆಗ ಒಮ್ಮೆಲೇ ಇಳಿಯಿತು, ನೋವು ಏರಿತು. ದುಡಿದವರ ಹೊಟ್ಟೆ ಕಟ್ಟಿಸಿ ಎಬ್ಬಿಸಿದ ಗೋಡೆ ಎಷ್ಟು ಚಂದ ಬೆಳ್ಳಗಿತ್ತು!

ಮರುದಿನ ಅವಳು ಹುಡುಕಿಕೊಂಡು ಹೋದ ವಕೀಲಮ್ಮ ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು. "ದಾರಿಗಳಿವೆ. ಮೊದಲು ಲೆಕ್ಕ ಒಪ್ಪಿಸು ಅಂತ ನೋಟಿಸು. ಅದು ಪಾಲುದಾರಳ ಹಕ್ಕು, ಯಾರ ದಯೆನೂ ಬೇಕಿಲ್ಲ. ಜೊತೆಗೇ ಖಾತೆಗೆ ತಡೆ ಹಾಕಿ ಅಂತ ಕೋರ್ಟಿಗೆ ಅರ್ಜಿ. ಕಂಪನಿ ದುಡ್ಡಲ್ಲಿ ಅವನು ಮಾಡಿಕೊಂಡ ಲಾಭಾನೂ ಕಂಪನಿಗೇ ಕಕ್ಕಿಸಬಹುದು. ಸಾಕಪ್ಪಾ ಇವನ ಸಹವಾಸ ಅನ್ಸಿದ್ರೆ ಪಾಲುದಾರಿಕೇನೇ ಮುರೀಬಹುದು. ಕೊನೇದು ಪೊಲೀಸು, ನಂಬಿಕೆದ್ರೋಹದ ದೂರು."

"ಸಹಿ ನಂದೇ ಅಲ್ವಾ?"

"ಕಳ್ಳನಿಗೆ ಏಣಿ ಹಿಡಿದಿದ್ದೀರಿ. ಸುಣ್ಣ ಹೊಡೀತಾನೆ ಅಂತ ತಿಳಿದು ಹಿಡಿದ್ರಿ, ಅದನ್ನ ನಾನು ಹೇಳ್ತೀನಿ. ಗೊತ್ತಾದ ಮೇಲೂ ಹಿಡಿದ್ರೆ ನಾನೇನು ಹೇಳ್ಲಿ? ನೀವೇ ಒಪ್ಪಿದ್ರಿ ಅಂತಾನೆ ಅವನ ವಕೀಲ. ಬುಧವಾರ ಅರ್ಜಿ ವಿಚಾರಣೆಗೆ ಬರತ್ತೆ. ಅಲ್ಲೀತನಕ ಒಂದು ಚೆಕ್ಕೂ ಮುಟ್ಟಬೇಡಿ."

"ತಡೆ ಬಿದ್ರೆ ಕೆಲಸದವರ ಕೂಲಿ?"

"ಕೂಲಿಗೆ ಮಾತ್ರ ಬಿಡಿ ಅಂತ ಕೇಳ್ತೀನಿ. ಕೊಡೋದು ಜಡ್ಜಿಗೆ ಬಿಟ್ಟದ್ದು."

"ಪೊಲೀಸು ಬೇಡಮ್ಮ. ಮಗು ಅದು."

"ನಲವತ್ತು ವರ್ಷದ ಮಗು! ತೊಟ್ಟಿಲು ದೊಡ್ಡದೇ ಇರಬೇಕು," ಎಂದು ನಕ್ಕರು ವಕೀಲಮ್ಮ.

ಸೋಮವಾರ ಬಂತು. ಮೈದುನ ಚೆಕ್ಕುಪುಸ್ತಕ ಬಿಚ್ಚಿ ಪೆನ್ನು ಚಾಚಿದ. ಅತ್ತಿಗೆ ಅವನ ಮುಖ ನೋಡುತ್ತಲೇ ಎರಡೂ ಕೈಯನ್ನು ಮೊಣಕೈವರೆಗೆ ತೊಟ್ಟಿಗೆ ಇಳಿಸಿದಳು. ಹಬೆ ಇಬ್ಬರ ನಡುವೆ ನಿಧಾನ ಏರಿತು.

"ಅತ್ತಿಗೆ! ಸಹಿ?"

"ಆ ತಾರಸಿ ನೋಡಿಬಂದೆ. ಇನ್ನು ಹಾಕಲ್ಲ."

ಅವನ ಮುಖ ಒಂದು ಗಳಿಗೆ ಸುಣ್ಣವಾಯಿತು. ಮರುಗಳಿಗೆ ದನಿ ಏರಿಸಿ ಎಲ್ಲರ ಕಡೆ ತಿರುಗಿದ. "ಕೇಳಿಸ್ಕೊಳ್ರಪ್ಪಾ! ಈ ವಾರ ಕೂಲಿ ಇಲ್ಲ. ನಿಮ್ಮ ಅತ್ತಿಗೆ ಸಹಿ ಹಾಕಲ್ವಂತೆ!"

ನೂಲು ಹಿಂಡುವ ಕೈಗಳೆಲ್ಲ ನಿಂತವು. ಅತ್ತಿಗೆ ಅವರ ಕಡೆ ತಿರುಗಿದಳು. ಇವರು ತಿರುಗಿಬಿದ್ದರೆ ಕಾರ್ಖಾನೆ ಇಲ್ಲ, ತಾನೂ ಇಲ್ಲ. ಖಾಲಿ ಚೆಕ್ಕು, ನೀಲಿ ತಾರಸಿ, ಕೋರ್ಟು, ಎಲ್ಲವನ್ನೂ ಹೇಳಿದಳು. "ತಪ್ಪು ನಂದೂ ಇದೆ. ಬುಧವಾರದವರೆಗೆ ತಡೀತೀರಾ?"

ಹಿಂಡುವ ಅಜ್ಜಿ ಸೊಂಟಕ್ಕೆ ಕೈಕೊಟ್ಟು ಎದ್ದಳು. "ಅರ್ಧ ಹೊಟ್ಟೇಲಿ ಎರಡು ತಿಂಗಳು ತಡೆದೋರಿಗೆ ಎರಡು ದಿನ ಯಾವ ಲೆಕ್ಕ? ಅಲ್ಲ ಸಣ್ಣ ಯಜಮಾನ್ರೇ, ನಿಮ್ಮ ಹೊಸ ತೊಟ್ಟಿ ಎಷ್ಟು ಆಳ? ನಮ್ಮ ಕೂಲಿಯೆಲ್ಲ ಹಿಡೀತಾ, ಇನ್ನೂ ಜಾಗ ಇದೆಯಾ?"

ನಗು ಹಬೆಯೊಳಗೆ ಮೂಲೆಯಿಂದ ಮೂಲೆಗೆ ಹರಿಯಿತು.

ಮೈದುನ ಹತ್ತಿರ ಬಂದು ದನಿ ಇಳಿಸಿದ. "ಅಣ್ಣನ ಮುಖ ನೋಡಿಯಾದ್ರೂ ಬಿಡಿ ಅತ್ತಿಗೆ. ನಾವು ಒಂದೇ ಮನೆಯೋರು. ಇವರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಇವರ ಹೊಟ್ಟೆ ಚಿಂತೆ ನಮಗ್ಯಾಕೆ?"

ಅದುವರೆಗೂ ಅವಳೊಳಗೆ ಒಂದು ಮಗು ಅಂಬೆಗಾಲಿಡುತ್ತಿತ್ತು. ಆ ಮಾತಿಗೆ ಅದು ಎದ್ದು, ಬಾಗಿಲು ದಾಟಿ, ತಿರುಗಿ ನೋಡದೆ ಹೋಯಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನೆತ್ತಿದಳು.

"ವಕೀಲಮ್ಮಾ, ಪೊಲೀಸು ದೂರೂ ಬರೆಸಿ. ಈಗಲೇ ಬರ್ತೀನಿ."

"ಒಬ್ರೇ ಹೋಗ್ತೀರಾ?" ಎಂದಳು ಅಜ್ಜಿ. "ಅರ್ಧ ಕೂಲಿ ತಗೊಂಡೋರು ನಾವು. ನಮ್ಮ ಹೇಳಿಕೆ ಬೇಡ್ವಾ?"

ಒಲೆ ಆರಿಸಿದರು. ಹಬೆಯನ್ನು ಸೀಳಿಕೊಂಡು ಒಬ್ಬೊಬ್ಬರೇ ಬೀದಿಗಿಳಿದರು. ಕೆಂಪು, ಹಸಿರು, ಕಡುನೇರಳೆ ಕೈಗಳು ಬಿಸಿಲಿನಲ್ಲಿ ತೇಲುತ್ತಾ ನಡೆದವು. ಎದುರು ಬಂದ ಗಾಡಿಗಳು ತಾವಾಗಿ ನಿಂತು ದಾರಿ ಬಿಟ್ಟವು.