ನಡುವೆ ಉಳಿದ ಗುಡ್ಡೆ

ಜೆಸಿಬಿಯ ಬಕೆಟ್ ಸ್ಮಶಾನದ ನೆಲಕ್ಕೆ ತಾಗುವ ಮೊದಲೇ ಹಲೀಮಾ ಅದರ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು. ಡ್ರೈವರ್ ಸೂರ್ಯಕಾಂತ ಗಾಬರಿಯಾಗಿ ಎಂಜಿನ್ ಆರಿಸಿದ.

"ಏಳ್ರಿ ಮೌಶಿ, ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

"ಬಂಡೆಮ್ಮನ ಕುಣಿ ಮಷೀನ್ ತೋಡಬಾರ್ದು. ನಾವು ಅದೀವಿ," ಎಂದಳು ಹಲೀಮಾ. ಅವಳ ಹಿಂದೆ ಬಂಡೆಮ್ಮನ ಜೊತೆ ಕೂಲಿ ಮಾಡಿದ ಹೆಂಗಸರು ಗುದ್ದಲಿ, ಮಣ್ಣು ಹೊರುವ ಪುಟ್ಟಿ ಹಿಡಿದು ನಿಂತಿದ್ದರು.

ಮಷೀನು ಕರೆಸಿದವಳು ಬಂಡೆಮ್ಮನ ಒಬ್ಬಳೇ ಮಗಳು ವಿಜಯಶ್ರೀ. ಕಲಬುರಗಿಯ ಕುಸನೂರಿನಲ್ಲಿ ಮನೆ, ಶಾಲೆಯಲ್ಲಿ ನೌಕರಿ. ಬೆಳಗ್ಗೆ ಅವ್ವ ತೀರಿಕೊಂಡ ಸುದ್ದಿ ಕೇಳಿದವಳು ಕಮಲಾಪುರದ ಬಸ್ಸು ಹತ್ತುವ ಮೊದಲೇ ಫೋನಿನಲ್ಲಿ ಎಲ್ಲ ಗೊತ್ತುಮಾಡಿದ್ದಳು. ಕಲ್ಲಿನಂಥ ಗರಸು ನೆಲ, ಮೇಲೆ ಬೇಸಿಗೆ. ಅವ್ವನ ಮಣ್ಣಿನ ದಿನ ಯಾರಿಗೂ ತ್ರಾಸಾಗಬಾರದು ಎಂಬುದು ಅವಳ ಲೆಕ್ಕ.

"ಹೆಣ್ಮಕ್ಕಳು ಕುಣಿ ತೋಡೋದು ನಮ್ಮಲ್ಲಿ ಇಲ್ಲ," ಎಂದ ಸೋದರಮಾವ ಮಾಣಿಕಪ್ಪ. "ಹೊತ್ತು ಹೊಂಟದ. ಏನಾರ ಒಂದು ಹೇಳಿಬಿಡು ವಿಜಿ."

ಎಲ್ಲರೂ ಅವಳ ಮುಖ ನೋಡಿದರು.

*

ವಿಜಯಶ್ರೀ ಕಾಲೇಜಿನಲ್ಲಿದ್ದಾಗ ನಡೆದದ್ದು. ಕೆರೆಯ ಹೂಳೆತ್ತುವುದು ಉದ್ಯೋಗ ಖಾತ್ರಿಯ ಕೆಲಸ, ಕೂಲಿಕಾರರೇ ಕೈಯಾರೆ ಮಾಡಬೇಕೆಂಬುದು ಕಾಯ್ದೆ. ಕಾಯ್ದೆ ಓದಿದವರು ಮಲಗಿದ್ದರು. ಗುತ್ತಿಗೆದಾರನೊಬ್ಬ ಮಷೀನು ತಂದು ನಿಲ್ಲಿಸಿದ. ಬಂಡೆಮ್ಮ ಅದರ ಬಕೆಟ್ಟಿನೊಳಗೇ ಹತ್ತಿ ಕುಳಿತು ರೊಟ್ಟಿಯ ಗಂಟು ಬಿಚ್ಚಿದಳು.

"ಮ್ಯಾಲ ಎತ್ತಸ್ತೀನಿ ನೋಡು," ಎಂದು ಅವನು ಹೆದರಿಸಿದ.

"ಎತ್ತಸಪ್ಪ. ಕೆರಿ ಪೂರಾ ಕಾಣ್ತದ," ಎಂದು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ನೆಮ್ಮದಿಯಾಗಿ ಉಂಡಳು.

ಸಂಜೆಗೆ ಮಷೀನು ಬಂದ ದಾರಿ ಹಿಡಿಯಿತು. ಮರುದಿನ ಗುದ್ದಲಿಗಳು ಇಳಿದವು, ಗಂಡಸರಿಗೂ ಹೆಂಗಸರಿಗೂ ಒಂದೇ ಕೂಲಿ. ಅಗೆಯುವಾಗ ನಡುವೆ ಒಂದು ಗುಡ್ಡೆ ಮಣ್ಣನ್ನು ಮುಟ್ಟದೆ ಬಿಡುತ್ತಿದ್ದರು. ಎಷ್ಟು ಆಳ ಅಗೆದರೆಂದು ಇಂಜಿನಿಯರು ಅಳೆಯುವುದು ಅದರಿಂದಲೇ. "ಅದು ನಮ್ಮ ಬೆವರಿನ ಸಾಕ್ಷಿ, ಯಾರೂ ಕೆಡವಬ್ಯಾಡ್ರಿ," ಎಂದು ಬಂಡೆಮ್ಮ ಕಾವಲು ಕಾಯುತ್ತಿದ್ದಳು. ಮಗಳಿಗೆ ಮಾತ್ರ ಗುದ್ದಲಿ ಮುಟ್ಟಗೊಡಲಿಲ್ಲ.

*

"ಮಷೀನ್ ಒಯ್ರಿ ಅಣ್ಣಾರ, ನಿಮ್ಮ ಬಾಡಗಿ ಮುಟ್ಟಸ್ತೀನಿ," ಎಂದಳು ವಿಜಯಶ್ರೀ. "ಮಾಮಾ, ಅವ್ವನ ಮಂದಿ ಇವ್ರು. ಇವ್ರೇ ತೋಡ್ಲಿ."

ಮಾಣಿಕಪ್ಪ ಗೊಣಗಿದ. ಗೊಣಗುತ್ತಲೇ ಒಂದು ಪುಟ್ಟಿ ಎತ್ತಿಕೊಂಡ.

ಹೆಂಗಸರು ಎರಡೂ ತುದಿಯಿಂದ ಅಗೆಯುತ್ತ ಬಂದರು. ಗರಸು ಕಿಡಿ ಕಾರಿತು, ಕೈ ನಿಲ್ಲಲಿಲ್ಲ. ಹೊತ್ತು ವಾಲುವಾಗ ಹಲೀಮಾ ಮೇಲೆ ಬಂದು, "ಆಯ್ತು, ನೋಡು ಬೇಟಿ," ಎಂದಳು.

ವಿಜಯಶ್ರೀ ಬಗ್ಗಿ ನೋಡಿದಳು. ಅಂಚುಗಳು ನೇರ, ಮೂಲೆಗಳು ಚೊಕ್ಕ. ಕುಣಿಯ ನಟ್ಟನಡುವೆ, ಕೆರೆಯಲ್ಲಿ ಬಿಡುತ್ತಿದ್ದ ಕೈರೂಢಿಯಂತೆ, ಮುಟ್ಟದ ಮಣ್ಣಿನ ಗುಡ್ಡೆ ನಿಂತಿತ್ತು.

ಹೆಂಗಸರು ಮುಖ ಮುಖ ನೋಡಿಕೊಂಡರು. ಹಲೀಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದು ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ಈಗ ಇದನ್ನ ಅಳಿಲಾಕ ಯಾವ ಇಂಜಿನಿಯರ್ ಬರ್ತಾನ?" ಎಂದ ಮಾಣಿಕಪ್ಪ.

ವಿಜಯಶ್ರೀ ಚಪ್ಪಲಿ ಬಿಟ್ಟು ಒಳಗಿಳಿದಳು. ಗುಡ್ಡೆ ಅವಳ ಎದೆಮಟ್ಟಕ್ಕೆ ಬಂತು. ಇಂಥವಳ ಮಗಳು ತಾನು ಎಂಬ ಹೆಮ್ಮೆಯಿಂದ ಅದರ ನೆತ್ತಿಯ ಮೇಲೆ ಅಂಗೈ ಇಟ್ಟಳು.

"ಅಳತಿ ಬರೋಬರಿ ಅದ," ಎಂದು ಮೇಲೆ ನಿಂತವರಿಗೆಲ್ಲ ಕೇಳುವಂತೆ ಹೇಳಿ, ಗುದ್ದಲಿಗೆ ಕೈ ಚಾಚಿದಳು.

ಕೆಡವಿದ ಆ ಮಣ್ಣಿನಲ್ಲಿ ಒಂದು ಪುಟ್ಟಿಯಷ್ಟನ್ನು ಅವಳು ಮೇಲೆ ಕಳಿಸಲಿಲ್ಲ. ತಲೆ ಬರುವ ಕಡೆ ಅದನ್ನು ಒಟ್ಟಿ, ಅಂಗೈಯಿಂದ ಸವರಿ ಮೆತ್ತಗೆ ಮಾಡಿದಳು. ಸಂಜೆ ಬಂಡೆಮ್ಮನ ತಲೆ ಅದರ ಮೇಲೆ ಒರಗಿತು.